ಟ್ರೆಕ್ ಗೈಡ್ ನಿಜವಾಗ್ಲೂ ಏನ್ ಮಾಡ್ತಾರೆ: ತಲೆ ಎಣಿಸೋದ್ರಿಂದ ಸ್ಟ್ರೆಚರ್ ಹೊರೋವರೆಗೆ

ಫೋನಲ್ಲಿ ಮ್ಯಾಪ್ ಇದೆ, ಯೂಟ್ಯೂಬಲ್ಲಿ ಬುಡದಿಂದ ತುದಿವರೆಗೂ ವಿಡಿಯೋ ಇದೆ, ಮತ್ತೆ ಗೈಡಿಗೆ ಯಾಕ್ರೀ ದುಡ್ಡು ಅಂತ ಬೆಂಗಳೂರಿಂದ ವೀಕೆಂಡ್ ಟ್ರೆಕ್ಕಿಗೆ ಹೊರಡೋ ಪ್ರತಿ ಗುಂಪಲ್ಲೂ ಒಬ್ಬರಾದ್ರೂ ಕೇಳೇ ಕೇಳ್ತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ. ದಾರಿ ತೋರಿಸೋದಷ್ಟೇ ಕೆಲಸ ಆಗಿದ್ರೆ ನಮ್ಮ ಅರ್ಧ ಬೆಟ್ಟಗಳಿಗೆ ಗೈಡ್ ಬೇಕಾಗೇ ಇರ್ಲಿಲ್ಲ, ಬಿಸ್ಲೆರಿ ಬಾಟ್ಲು ಬಿದ್ದಿರೋ ಕಡೆ ನಡ್ಕೊಂಡು ಹೋದ್ರೆ ಸಾಕು ತುದಿ ಸಿಗತ್ತೆ. ಆದ್ರೆ ಗೈಡ್ ತಲೇಲಿ ಓಡ್ತಿರೋ ಲೆಕ್ಕ ಬೇರೇನೇ. ಎಷ್ಟು ಜನ ಇದೀವಿ, ಗಂಟೆ ಎಷ್ಟಾಯ್ತು, ಯಾರ ನೀರು ಖಾಲಿ ಆಗಿದೆ, ಬೆಳಗ್ಗೆಯಿಂದ ಜೋಕ್ ಹೊಡೀತಿದ್ದವನು ಯಾಕೆ ಅರ್ಧ ಗಂಟೆಯಿಂದ ಸುಮ್ನಿದ್ದಾನೆ, ಇಲ್ಲೇ ಯಾರಾದ್ರೂ ಕಾಲು ಮುರ್ಕೊಂಡ್ರೆ ರಸ್ತೆಗೆ ಇಳಿಸೋಕೆ ಎಷ್ಟು ಹೊತ್ತು ಬೇಕು, ಇಂಥದ್ದು. ನಾನು ಕೆಲವು ವರ್ಷ ಇಂಥ ಗುಂಪುಗಳಲ್ಲಿ ಸ್ವೀಪ್ ಆಗಿ, ಅಂದ್ರೆ ಎಲ್ಲರಿಗಿಂತ ಕೊನೇಲಿ ನಡೆಯೋನಾಗಿ ಹೋಗಿದ್ದೀನಿ, ಹಾಗಾಗಿ ಈ ಲೆಕ್ಕ ಹೇಗೆ ನಡೆಯತ್ತೆ ಅಂತ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು ಒಂದು ಮಾತು. ಬೆಟ್ಟದ ಮೇಲೆ ನಡೆಯೋ ಅನಾಹುತ ಅಲ್ಲೇ ಆ ಕ್ಷಣಕ್ಕೆ ಹುಟ್ಟಿದ್ದು ಅಂತ ಅನ್ಸತ್ತೆ, ಆದ್ರೆ ಹಿಂದಕ್ಕೆ ಎಳ್ಕೊಂಡು ಹೋಗಿ ನೋಡಿದ್ರೆ ಅದ್ರ ಬೇರು ಆರೇಳು ಗಂಟೆ ಹಿಂದೆ ಇರತ್ತೆ. ರಾತ್ರಿ ನಿದ್ದೆ ಇಲ್ಲ, ತಿಂಡಿ ಬಿಟ್ರು, ಒಂದು ಗಂಟೆ ಲೇಟಾಗಿ ಹೊರಟ್ರು, ಮೋಡ ಕಟ್ಟಿದ್ದನ್ನ ನೋಡಿಯೂ ಇನ್ನೊಂಚೂರು ಹೋಗೋಣ ಅಂದ್ರು. ಒಳ್ಳೆ ಗೈಡ್ ಅಂದ್ರೆ ಈ ಆರೇಳು ಗಂಟೆ ಒಳಗೆ ಕೆಲಸ ಮಾಡೋನು. ಆಮೇಲೆ ಹೀರೋ ತರ ಹೊತ್ಕೊಂಡು ಓಡೋದು ಕಣ್ಣಿಗೆ ಕಾಣತ್ತೆ, ಇದು ಕಾಣಲ್ಲ, ಅದಕ್ಕೇ ಯಾರೂ ಇದಕ್ಕೆ ಬೆಲೆ ಕಟ್ಟಲ್ಲ.

ಕೆಲಸ ಶುರುವಾಗೋದೇ ಫಾರ್ಮ್ ತುಂಬಿಸೋದ್ರಿಂದ. ಶುಗರ್ ಇದೆಯಾ, ಬಿಪಿ ಇದೆಯಾ, ಉಬ್ಬಸ, ಫಿಟ್ಸ್, ಯಾವ ಮಾತ್ರೆ ತಗೋತೀರಾ, ಯಾವುದಕ್ಕೆ ಅಲರ್ಜಿ. ಜನ ಇಲ್ಲಿ ಧಾರಾಳವಾಗಿ ಸುಳ್ಳು ಹೇಳ್ತಾರೆ, ಹೇಳಿದ್ರೆ ಎಲ್ಲಿ ಕರ್ಕೊಂಡು ಹೋಗಲ್ವೋ ಅನ್ನೋ ಭಯಕ್ಕೆ. ನಿಜ ಏನಂದ್ರೆ ಹೆಚ್ಚಿನ ಸಲ ಕರ್ಕೊಂಡು ಹೋಗೇ ಹೋಗ್ತಾರೆ, ವ್ಯತ್ಯಾಸ ಇಷ್ಟೇ, ಉಬ್ಬಸ ಇರೋರ ಇನ್‌ಹೇಲರ್ ಬ್ಯಾಗಿನ ತಳದಲ್ಲಿ ಇರದೆ ಮೇಲಿನ ಜೇಬಲ್ಲಿ ಇರೋ ಹಾಗೆ ನೋಡ್ಕೋತಾರೆ, ಶುಗರ್ ಇರೋರು ಗಂಟೆಗೊಮ್ಮೆ ಏನಾದ್ರೂ ತಿಂದ್ರಾ ಅಂತ ವಿಚಾರಿಸ್ತಾರೆ. ಇನ್ಸುಲಿನ್ ತಗೊಂಡು ಖಾಲಿ ಹೊಟ್ಟೇಲಿ ಬೆಟ್ಟ ಹತ್ತಿದೋರಿಗೆ ಶುಗರ್ ಇಳಿದಾಗ ಕುಡಿದವರ ಹಾಗೆ ತೊದಲ್ತಾರೆ, ಸಿಡುಕ್ತಾರೆ, ಗೊತ್ತಿಲ್ಲದ ಗೈಡ್ ಅದನ್ನ ಸುಸ್ತು ಅಂದ್ಕೊಂಡ್ರೆ ಕಥೆ ಕೆಟ್ಟಿತು. ಗೊತ್ತಿದ್ರೆ ಎರಡು ಚಮಚ ಸಕ್ಕರೇಲೋ ಒಂದು ಜ್ಯೂಸಲ್ಲೋ ಮುಗಿಯೋ ವಿಷಯ.

ಆಮೇಲೆ ರಸ್ತೆ. ನನ್ನ ಕೇಳಿದ್ರೆ ವೀಕೆಂಡ್ ಟ್ರೆಕ್ಕಲ್ಲಿ ಅತಿ ಅಪಾಯದ ಭಾಗ ಬೆಟ್ಟ ಅಲ್ಲ, ಶುಕ್ರವಾರ ರಾತ್ರಿ ಹತ್ತೂವರೆಗೆ ಬೆಂಗಳೂರು ಬಿಟ್ಟು ಬೆಳಗಿನ ಜಾವ ಶಿರಾಡಿನೋ ಚಾರ್ಮಾಡಿನೋ ಇಳಿಯೋ ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್. ಹಿಂದೆ ಎಲ್ಲರೂ ಗೊರಕೆ, ಡ್ರೈವರ್ ಒಬ್ಬನೇ ಎಚ್ಚರ, ಅವನೂ ಹಗಲೆಲ್ಲ ಬೇರೆ ಬಾಡಿಗೆ ಮುಗಿಸ್ಕೊಂಡು ಬಂದಿರ್ತಾನೆ. ಒಳ್ಳೆ ಗೈಡ್ ಮುಂದಿನ ಸೀಟಲ್ಲಿ ಕೂತ್ಕೋತಾನೆ, ಡ್ರೈವರ್ ಜೊತೆ ಹಾಳೂ ಮೂಳೂ ಮಾತಾಡ್ತಿರ್ತಾನೆ, ಎರಡು ಸಲ ಟೀಗೆ ನಿಲ್ಲಿಸ್ತಾನೆ, ಕಣ್ಣು ಎಳೀತಿದೆ ಅನ್ಸಿದ್ರೆ ಪೆಟ್ರೋಲ್ ಬಂಕಲ್ಲಿ ಗಾಡಿ ಹಾಕ್ಸಿ ಮುಕ್ಕಾಲು ಗಂಟೆ ಮಲಗಿಸ್ತಾನೆ. ಹಿಂದಿನೋರು ಎದ್ದು "ಯಾಕೆ ನಿಂತಿದೆ, ಸನ್‌ರೈಸ್ ಮಿಸ್ ಆಗತ್ತೆ" ಅಂತಾರೆ. ಆಗ್ಲಿ ಬಿಡಿ.

ಬುಡಕ್ಕೆ ಬಂದ್ಮೇಲೆ ಶುರುವಾಗೋದು ಎಣಿಕೆ. ಕುಮಾರ ಪರ್ವತಾನೇ ತಗೊಳ್ಳಿ, ನಮ್ಮವರಿಗೆಲ್ಲ ಗೊತ್ತಿರೋ ದಾರಿ, ಎತ್ತರ 1,712 ಮೀಟರ್, ಕುಕ್ಕೆ ಕಡೆಯಿಂದ ಹತ್ತಿದ್ರೆ ಮೊದಲು ಕಾಡು, ಆಮೇಲೆ ಭಟ್ಟರ ಮನೆ, ಗಿರಿಗದ್ದೆ ಫಾರೆಸ್ಟ್ ಚೆಕ್‌ಪೋಸ್ಟ್, ಅಲ್ಲಿಂದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು, ಶೇಷ ಪರ್ವತ, ಮತ್ತೆ ಒಂಚೂರು ಕಾಡು, ತುದಿ. ಒಬ್ಬ ಗೈಡ್ ಮುಂದೆ, ಒಬ್ಬ ಸ್ವೀಪ್ ಹಿಂದೆ, ಇವರಿಬ್ಬರ ಮಧ್ಯೆ ಎಲ್ಲರೂ. ಮುಂದಿನೋನನ್ನ ಯಾರೂ ದಾಟೋ ಹಾಗಿಲ್ಲ, ಹಿಂದಿನೋನ ಹಿಂದೆ ಯಾರೂ ಉಳಿಯೋ ಹಾಗಿಲ್ಲ. ಕೇಳೋಕೆ ಸ್ಕೂಲ್ ಟ್ರಿಪ್ ತರ ಇದೆ, ಫಿಟ್ ಆಗಿರೋ ಹುಡುಗರಿಗೆ ಮೈಯೆಲ್ಲ ಉರಿಯತ್ತೆ, ಆದ್ರೆ ಜನ ಕಳೆದುಹೋಗೋದು ದಟ್ಟ ಕಾಡಲ್ಲೇ ಅಂತಿಲ್ಲ, ಇಂಥ ಬೋಳು ಗುಡ್ಡದ ಮೇಲೇನೂ ಹೋಗ್ತಾರೆ. ಹತ್ತು ನಿಮಿಷದಲ್ಲಿ ಮಂಜು ಬಂದು ಮುಚ್ಕೊಳ್ಳತ್ತೆ, ದನ ಓಡಾಡಿದ ದಾರಿ, ಆನೆ ಓಡಾಡಿದ ದಾರಿ, ಮನುಷ್ಯರ ದಾರಿ ಎಲ್ಲ ಒಂದೇ ತರ ಕಾಣತ್ತೆ, ಶೂ ಲೇಸ್ ಕಟ್ಟೋಕೆ ನಿಂತವನು ತಲೆ ಎತ್ತಿದ್ರೆ ಮುಂದೆ ಯಾರೂ ಇಲ್ಲ.

ಅದಕ್ಕೇ ಸಣ್ಣ ಸಣ್ಣ ನಿಯಮಗಳು. ದಾರಿ ಕವಲಾಗೋ ಕಡೆಯೆಲ್ಲ ಪೂರ್ತಿ ಗುಂಪು ಸೇರೋವರೆಗೂ ಮುಂದೆ ಹೋಗ್ಬಾರ್ದು. ಮೂತ್ರಕ್ಕೆ ಅಂತ ದಾರಿ ಬಿಟ್ಟು ಪಕ್ಕಕ್ಕೆ ಹೋಗೋರು ಬ್ಯಾಗನ್ನ ದಾರಿ ಮೇಲೇ ಬಿಟ್ಟು ಹೋಗ್ಬೇಕು, ಸ್ವೀಪ್ ಬಂದವನು ಬ್ಯಾಗ್ ನೋಡಿ ಅಲ್ಲೇ ಕಾಯ್ತಾನೆ. ದಾರಿ ತಪ್ಪಿದೆ ಅಂತ ಗೊತ್ತಾದ ಕೂಡ್ಲೇ ಇದ್ದಲ್ಲೇ ಕೂತ್ಕೊಳ್ಳಿ, ಮೂರು ಮೂರು ಸಲ ಸೀಟಿ ಊದ್ತಾ ಇರಿ. ಇದನ್ನ ಬ್ರೀಫಿಂಗಲ್ಲಿ ಹೇಳುವಾಗ ಎಲ್ಲರೂ ಸೆಲ್ಫಿ ತಗೋತಿರ್ತಾರೆ. ಯಾರಾದ್ರೂ ಕಾಣ್ತಿಲ್ಲ ಅಂತಾದ್ರೆ ಗೈಡ್ ಮೊದಲು ಮಾಡೋದು ಹುಡುಕೋಕೆ ಓಡೋದಲ್ಲ, ಉಳಿದ ಎಲ್ಲರನ್ನೂ ಒಂದು ಕಡೆ ಕೂರಿಸೋದು, ಯಾಕಂದ್ರೆ ಹತ್ತು ಜನ ಹತ್ತು ಕಡೆ ಹುಡುಕೋಕೆ ಹೋದ್ರೆ ಸಂಜೆಗೆ ಕಳೆದುಹೋದೋರು ಹನ್ನೊಂದು ಜನ. ಆಮೇಲೆ ಅವರನ್ನ ಕೊನೇ ಸಲ ಯಾರು, ಎಲ್ಲಿ, ಎಷ್ಟು ಗಂಟೆಗೆ ನೋಡಿದ್ರು ಅಂತ ಕೇಳಿ, ಇಬ್ಬರು ಅಲ್ಲಿವರೆಗೆ ವಾಪಸ್ ಹೋಗ್ತಾರೆ. ಒಬ್ಬರೇ ಯಾವತ್ತೂ ಹೋಗಲ್ಲ.

2024ರ ಜನವರೀಲಿ ಇದೇ ಕುಮಾರ ಪರ್ವತದಲ್ಲಿ ಜಾತ್ರೆ ತರ ಜನ ಸಾಲುಗಟ್ಟಿದ್ದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ನೆನಪಿರಬಹುದು. ಅದಾದ್ಮೇಲೇ ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ ಎಲ್ಲ ಬಂದಿದ್ದು. ಪರಿಸರದ ಮಾತು ಒಂದು ಕಡೆ ಇರ್ಲಿ, ಸುರಕ್ಷತೆ ಕಡೆಯಿಂದ ನೋಡಿದ್ರೂ ಅಷ್ಟು ಜನರ ಮಧ್ಯೆ ನನ್ನ ಗುಂಪು ಯಾವುದು ಅಂತ ಎಣಿಸೋಕೇ ಆಗಲ್ಲ, ಕೆಳಗೆ ಇಳಿಸ್ಬೇಕಾದೋರು ಒಬ್ಬರಿದ್ರೆ ಆ ದಾರೀಲಿ ಇಳಿಸೋಕೂ ಆಗಲ್ಲ.

ಎಣಿಕೆ ಆದ್ಮೇಲೆ ಗಡಿಯಾರ. ಇಷ್ಟು ಗಂಟೆಗೆ ಎಲ್ಲೇ ಇರ್ಲಿ ವಾಪಸ್ ತಿರುಗ್ತೀವಿ ಅಂತ ಒಂದು ಹೊತ್ತು ಬೆಳಗ್ಗೇನೇ ಗೊತ್ತು ಮಾಡಿರ್ತಾರೆ. ಮಧ್ಯಾಹ್ನ ಒಂದು ಅಂದ್ರೆ ಒಂದೇ. ತುದಿ ಕಣ್ಣೆದುರಿಗೇ ಕಾಣ್ತಿದೆ, ಇನ್ನು ಇಪ್ಪತ್ತೇ ನಿಮಿಷ ಅಂತ ಎಲ್ಲರೂ ಗೋಗರೀತಾರೆ, ಮಾತಿಗೆ ಮಾತು ಬೆಳೆಯತ್ತೆ, "ದುಡ್ಡು ಕೊಟ್ಟಿಲ್ವಾ ನಾವು" ಅನ್ನೋವರೆಗೂ ಹೋಗತ್ತೆ. ಇಳಿಯೋದು ಹತ್ತೋದಕ್ಕಿಂತ ಬೇಗ ಅನ್ನೋದು ಅರ್ಧ ಸತ್ಯ. ಸುಸ್ತಾದ ಮಂಡಿ, ಒದ್ದೆ ಕಲ್ಲು, ಕತ್ತಲು ಮೂರೂ ಸೇರಿದಾಗ ಕಾಲು ಉಳುಕೋದು ಇಳಿಯುವಾಗ್ಲೇ. ಬೆಳಗ್ಗೆ ತಂಪಿದ್ದಾಗ ಹೊತ್ತು ಗೊತ್ತು ಮಾಡೋದಕ್ಕೂ, ತುದಿ ಆಸೆ ಹತ್ತಿದ್ಮೇಲೆ ಗೊತ್ತು ಮಾಡೋದಕ್ಕೂ ಬಹಳ ವ್ಯತ್ಯಾಸ ಇದೆ, ಅದಕ್ಕೇ ಅದನ್ನ ಮೊದಲೇ ಎಲ್ಲರೆದುರಿಗೆ ಹೇಳಿ ಒಪ್ಪಿಸಿಬಿಡೋದು.

ಮಳೆಗಾಲದ ಹಳ್ಳಗಳ ವಿಷಯಕ್ಕೆ ಬಂದ್ರೆ ಊರಿನ ಗೈಡ್‌ಗಳ ಹತ್ರ ಕಲಿಯೋದು ಬಹಳ ಇದೆ. ಮಲೆನಾಡಿನ ಒಬ್ಬ ಹಿರಿಯರು ಹಳ್ಳ ದಾಟಿದ ತಕ್ಷಣ ಬಗ್ಗಿ, ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿ ಹೋಗೋರು. ಮಧ್ಯಾಹ್ನ ವಾಪಸ್ ಬಂದಾಗ ಕಡ್ಡಿ ದಡದ ಮೇಲಿದ್ರೆ ಸರಿ. ಕಡ್ಡಿ ನೀರೊಳಗೆ ನಾಲ್ಕು ಬೆರಳು ಮುಳುಗಿದ್ರೆ ಹೆಗಲ ಮೇಲಿನ ಟವೆಲ್ ತೆಗೆದು ಬಂಡೆ ಮೇಲೆ ಹಾಸ್ಕೊಂಡು ಕೂತೇಬಿಡೋರು. "ಕೂತ್ಕೊಳಿ ಮಾರಾಯ್ರೆ, ಅದು ಇಳಿತದೆ" ಅಷ್ಟೇ ಮಾತು. ಎಷ್ಟು ಹೊತ್ತಾಗತ್ತೆ ಅಂತ ಕೇಳಿದ್ರೆ ಉತ್ತರ ಇಲ್ಲ. ನಾವು ನಿಂತಿರೋ ಕಡೆ ಬಿಸಿಲಿದ್ರೂ ಮೇಲೆ ಗುಡ್ಡದಲ್ಲಿ ಮಳೆ ಹೊಡೀತಿದ್ರೆ ಹಳ್ಳ ಏಕಾಏಕಿ ಏರತ್ತೆ. ತಿಳಿಯಾಗಿದ್ದ ನೀರು ಕೆಂಪಾಗೋದು, ಎಲೆ ಕಡ್ಡಿ ತೇಲಿ ಬರೋಕೆ ಶುರುವಾಗೋದು, ಸದ್ದು ಗಡುಸಾಗೋದು, ಇವು ಮುನ್ಸೂಚನೆ. ಜೋರು ಸೆಳೆತ ಇರೋ ನೀರು ಮಂಡಿ ದಾಟಿದ್ರೆ ದಾಟೋ ಮಾತೇ ಇಲ್ಲ. ಅದಕ್ಕಿಂತ ಕಡಿಮೆ ಇದ್ದು ದಾಟ್ಲೇಬೇಕು ಅಂದ್ರೆ ಬ್ಯಾಗಿನ ಸೊಂಟದ ಪಟ್ಟಿ, ಎದೆ ಪಟ್ಟಿ ಬಿಚ್ಚಿಸ್ತಾರೆ, ಬಿದ್ರೆ ಬ್ಯಾಗ್ ಬಿಟ್ಟು ಈಚೆ ಬರೋ ಹಾಗಿರ್ಬೇಕು, ಇಲ್ಲಾಂದ್ರೆ ಅದೇ ಮುಳುಗಿಸಿಬಿಡತ್ತೆ.

ಜಲಪಾತದ ಹತ್ರ ಗೈಡ್ ಒಬ್ಬ ಪೊಲೀಸ್ ಆಗ್ಬೇಕಾಗತ್ತೆ. 2023ರ ಜುಲೈಲಿ ಕೊಲ್ಲೂರು ಹತ್ರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ, ಗೆಳೆಯ ವಿಡಿಯೋ ತೆಗೀತಿದ್ದಾಗ್ಲೇ ಜಾರಿ ಹೋಗಿದ್ದನ್ನ ರಾಜ್ಯದಲ್ಲಿ ಎಲ್ಲರೂ ಫೋನಲ್ಲಿ ನೋಡಿದ್ರು. ಆ ಪಾಚಿ ಕಲ್ಲು ನೋಡೋಕೆ ಒಣಗಿದ ಹಾಗೇ ಇರತ್ತೆ, ಎಷ್ಟೇ ದುಬಾರಿ ಶೂ ಆಗಿದ್ರೂ ಅಲ್ಲಿ ಹಿಡಿಯಲ್ಲ. ಇಲ್ಲಿಂದಾಚೆ ಬೇಡ ಅಂತ ಒಂದು ಗೆರೆ ತೋರಿಸಿ ಅಲ್ಲೇ ಗೈಡ್ ನಿಂತಿರ್ತಾನೆ, ಬೈಸಿಕೊಂಡಾದ್ರೂ.

ಪ್ರಾಣಿಗಳ ವಿಷಯದಲ್ಲಿ ಜನ ಹೆದರೋದೇ ಒಂದಕ್ಕೆ, ನಿಜವಾದ ಅಪಾಯ ಇನ್ನೊಂದರಿಂದ. ಇಂಬಳ ನೋಡಿ ಕಿರುಚಾಡ್ತಾರೆ, ಇಂಬಳದಿಂದ ಏನೂ ಆಗಲ್ಲ, ಉಪ್ಪೋ ಹೊಗೆಸೊಪ್ಪಿನ ನೀರೋ ಹಚ್ಚಿದ್ರೆ ಬಿಡತ್ತೆ. ಆದ್ರೆ ಬಂಡೆಗೆ ಹೆಜ್ಜೇನು ಕಟ್ಟಿರೋ ಕಡೆ ಡಿಯೋಡ್ರಂಟ್ ಹೊಡ್ಕೊಂಡು, ಸ್ಪೀಕರ್ ಹಾಕ್ಕೊಂಡು, ಸಿಗರೇಟ್ ಹಚ್ಕೊಂಡು ಹೋಗೋಕೆ ಯಾರಿಗೂ ಭಯ ಇಲ್ಲ. ಹೆಜ್ಜೇನು ಎದ್ರೆ ನಿಂತಲ್ಲಿ ಕೈ ಬೀಸೋದು ಅತಿ ಕೆಟ್ಟ ಉಪಾಯ, ಮುಖ ತಲೆ ಮುಚ್ಕೊಂಡು ಓಡ್ಬೇಕು, ದೂರ ಓಡ್ಬೇಕು, ನೀರಿಗೆ ಹಾರಿದ್ರೂ ಬಿಡಲ್ಲ, ಮೇಲೇಳೋದನ್ನೇ ಕಾಯ್ತವೆ. ತಪ್ಪಿಸ್ಕೊಂಡ್ಮೇಲೆ ಮುಳ್ಳನ್ನ ಎಷ್ಟು ಬೇಗ ಆದ್ರೆ ಅಷ್ಟು ಬೇಗ ತೆಗೀಬೇಕು, ಉಗುರಲ್ಲಾದ್ರೂ ಸರಿ, ಯಾಕಂದ್ರೆ ಅದು ಚರ್ಮದಲ್ಲಿ ಉಳಿದಷ್ಟು ಹೊತ್ತೂ ವಿಷ ಇಳೀತಾ ಇರತ್ತೆ. ಗೈಡ್ ನೋಡೋದು ಎಷ್ಟು ಕಚ್ಚಿದೆ ಅಂತ ಮಾತ್ರ ಅಲ್ಲ. ತುಟಿ ನಾಲಿಗೆ ಊದ್ಕೊಳ್ತಿದೆಯಾ, ಉಸಿರಲ್ಲಿ ಸುಯ್ ಅಂತಿದೆಯಾ, ಮೈಯೆಲ್ಲ ಗಂಧೆ ಎದ್ದಿದೆಯಾ, ತಲೆ ತಿರುಗ್ತಿದೆಯಾ ಅಂತ. ಅಲರ್ಜಿ ಇರೋರಿಗೆ ಒಂದೇ ಕಡಿತ ಸಾಕು, ಅವರಿಗೆ ಬೇಕಾಗೋದು ಅಡ್ರಿನಲಿನ್ ಇಂಜೆಕ್ಷನ್, ಅದು ಸಿಗೋ ಕಡೆಗೆ ಓಡಿಸೋದು ಬಿಟ್ರೆ ಬೇರೆ ದಾರಿ ಇಲ್ಲ.

ಹಾವು ಕಡಿದ್ರೆ ಸಿನಿಮಾದಲ್ಲಿ ತೋರಿಸೋದ್ಯಾವುದನ್ನೂ ಮಾಡ್ಬಾರ್ದು. ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು, ಮಂಜುಗಡ್ಡೆ ಇಡೋದು, ಯಾವುದೂ ಬೇಡ. ಉಂಗುರ ವಾಚು ಬಿಚ್ಚಿ, ಕಡಿದ ಕೈಕಾಲನ್ನ ಮುರಿದಿರೋ ಮೂಳೆಗೆ ಕಟ್ಟೋ ಹಾಗೆ ಅಲುಗಾಡದಂತೆ ಕಟ್ಟಿ, ನಡೆಸದೆ ಹೊತ್ಕೊಂಡು ಆಸ್ಪತ್ರೆಗೆ. ಇಲ್ಲಿ ಗೈಡಿನ ನಿಜವಾದ ಬಂಡವಾಳ ಅಂದ್ರೆ ಯಾವ ಆಸ್ಪತ್ರೇಲಿ ಏನಿದೆ ಅನ್ನೋ ಮಾಹಿತಿ. ಹತ್ತಿರದ್ದು ಅಂತ ಹೋಗಿ ಅಲ್ಲಿ ಆಂಟಿವೆನಮ್ ಇಲ್ಲ ಅಂದ್ರೆ ಒಂದು ಗಂಟೆ ಹೋಯ್ತು, ನಾಗರಹಾವಿನ ವಿಷಕ್ಕೆ ಉಸಿರು ಕಟ್ಟಿದ್ರೆ ವೆಂಟಿಲೇಟರ್ ಬೇಕು. ಹಾಗಾಗಿ ಹೊರಡೋಕೆ ಮುಂಚೇನೇ ಎರಡು ಮೂರು ಕಡೆ ಫೋನ್ ಮಾಡಿ ಕೇಳಿಟ್ಕೊಂಡಿರ್ತಾರೆ. ಇನ್ನೊಂದು ವಿಷಯ ಹೆಚ್ಚಿನೋರಿಗೆ ಗೊತ್ತಿಲ್ಲ: ನಮ್ಮಲ್ಲಿ ಸಿಗೋ ಆಂಟಿವೆನಮ್ ನಾಗರಹಾವು, ಕಟ್ಟು ಹಾವು (ಕ್ರೈಟ್), ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿರೋದು, ಪಶ್ಚಿಮ ಘಟ್ಟದ ಗುಳಿಮಂಡಲಗಳಿಗೆ (ಪಿಟ್ ವೈಪರ್) ಅಲ್ಲ. ಅದರ ಕಡಿತಕ್ಕೆ ಆಸ್ಪತ್ರೇಲಿ ಬೇರೆ ರೀತಿ ನೋಡ್ಕೋಬೇಕಾಗತ್ತೆ. ಹಾವನ್ನ ಹಿಡಿಯೋಕೆ ಹೋಗ್ಬೇಡಿ, ದೂರದಿಂದ ಒಂದು ಫೋಟೋ ಸಿಕ್ಕಿದ್ರೆ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಪಟ್ಟಿಗೆ ಸೇರಿಸಿದೆ, ಯಾವ ಊರಲ್ಲಿ ಎಷ್ಟು ಔಷಧಿ ಬೇಕು ಅನ್ನೋ ಲೆಕ್ಕ ಸಿಗೋಕೆ ಇದು ದಾರಿ.

ಬೇಸಿಗೇಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗೋರಿಗೆ ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಹರಡೋದು ಉಣುಗಿನಿಂದ. ದಾರೀಲಿ ಸತ್ತ ಮಂಗ ಕಂಡ್ರೆ ಊರಿನ ಗೈಡ್ ಅಲ್ಲಿಂದಲೇ ವಾಪಸ್ ಕರ್ಕೊಂಡು ಬರ್ತಾನೆ, ಆರೋಗ್ಯ ಇಲಾಖೆಗೆ ತಿಳಿಸ್ತಾನೆ. ಬೆಂಗಳೂರಿಂದ ಬಂದೋರಿಗೆ ಇದು ಅತಿ ಅನ್ಸತ್ತೆ, ಕಾಡಂಚಿನ ಊರಲ್ಲಿ ಬೆಳೆದೋರಿಗೆ ಅನ್ಸಲ್ಲ.

ಸರಿ, ಇಷ್ಟೆಲ್ಲ ಜಾಗ್ರತೆ ಮಾಡಿಯೂ ಒಬ್ಬರು ಬಿದ್ರು ಅಂದ್ಕೊಳ್ಳಿ. ಆ ಮೊದಲ ಐದು ನಿಮಿಷ ಹೊರಗಿನೋರಿಗೆ ವಿಚಿತ್ರ ಅನ್ಸತ್ತೆ, ಯಾಕಂದ್ರೆ ಗೈಡ್ ಓಡಲ್ಲ. ನಿಲ್ತಾನೆ, ಮೇಲೆ ನೋಡ್ತಾನೆ, ಇನ್ನೂ ಕಲ್ಲು ಉರುಳ್ತಿದೆಯಾ, ನಾನು ಹೋದ್ರೆ ನಾನೂ ಬೀಳ್ತೀನಾ ಅಂತ. ಉಳಿದೋರನ್ನ ಒಂದು ಕಡೆ ಕೂರಿಸಿ, ಅವರಲ್ಲಿ ಸ್ವಲ್ಪ ಗಟ್ಟಿ ಇರೋ ಒಬ್ಬರನ್ನ ಹೆಸರು ಹಿಡಿದು ಕರೆದು ಇವರನ್ನ ನೀವು ನೋಡ್ಕೊಳಿ ಅಂತಾನೆ. "ಯಾರಾದ್ರೂ ಫೋನ್ ಮಾಡಿ" ಅಂದ್ರೆ ಯಾರೂ ಮಾಡಲ್ಲ, "ನೀಲಿ ಜಾಕೆಟ್, ನೀವು 112ಕ್ಕೆ ಮಾಡಿ" ಅಂದ್ರೆ ಕೆಲಸ ಆಗತ್ತೆ. ಆಮೇಲೆ ಗಾಯಾಳು. ರಕ್ತ ಜೋರಾಗಿ ಸುರೀತಿದ್ರೆ ಮೊದಲು ಅದನ್ನ ಒತ್ತಿ ಹಿಡಿಯೋದು, ಉಸಿರು, ಪ್ರಜ್ಞೆ, ಕತ್ತು ಬೆನ್ನಿಗೆ ಪೆಟ್ಟಾಗಿದೆಯಾ ಅಂತ ನೋಡೋದು, ಕತ್ತಿನ ಅನುಮಾನ ಇದ್ರೆ ಎತ್ತಿ ಕೂರಿಸಿ ನೀರು ಕುಡಿಸೋಕೆ ಬರೋ ಹತ್ತು ಕೈಗಳನ್ನ ತಡೆಯೋದು. ಈ ಕೊನೇದು ಎಲ್ಲಕ್ಕಿಂತ ಕಷ್ಟ. ಉಸಿರೇ ಇಲ್ಲ ಅಂದ್ರೆ ಸಿಪಿಆರ್, ಎದೆ ಮಧ್ಯ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಇಳಿಯೋ ಹಾಗೆ, ಎರಡು ನಿಮಿಷಕ್ಕೊಮ್ಮೆ ಒತ್ತೋರು ಬದಲಾಗ್ತಾ.

ಇದನ್ನೆಲ್ಲ ಮಾಡುವಾಗ ಒಬ್ಬರು ಬರೀತಿರ್ಬೇಕು, ಎಷ್ಟು ಗಂಟೆಗೆ ಬಿದ್ರು, ನಾಡಿ ಎಷ್ಟು, ಏನು ಮಾತ್ರೆ ಕೊಟ್ವಿ. ಆಸ್ಪತ್ರೇಲಿ ಡಾಕ್ಟರ್ ಕೇಳೋದೇ ಅದು. ಫೋನಲ್ಲಿ ಸಹಾಯ ಕೇಳುವಾಗ್ಲೂ ಕ್ರಮ ಇದೆ: ಎಲ್ಲಿದೀವಿ ಅನ್ನೋದು ಮೊದಲು, ಲೈನ್ ಕಟ್ಟಾದ್ರೂ ಅದೊಂದು ತಲುಪಿರತ್ತೆ. ಪೊಲೀಸ್, ಅಗ್ನಿಶಾಮಕಕ್ಕೆಲ್ಲ 112, ಆಂಬುಲೆನ್ಸಿಗೆ 108, ಕಾಡಲ್ಲಾದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926. ನೆಟ್‌ವರ್ಕ್ ಎಲ್ಲಿ ಸಿಗತ್ತೆ ಅನ್ನೋದು ಯಾವ ಮ್ಯಾಪಲ್ಲೂ ಇಲ್ಲ, ಆ ದೊಡ್ಡ ಬಂಡೆ ಮೇಲೆ ನಿಂತ್ರೆ ಬಿಎಸ್ಸೆನ್ನೆಲ್ ಒಂದು ಕಡ್ಡಿ ಬರತ್ತೆ ಅನ್ನೋದು ಆ ಊರಿನ ಗೈಡಿಗೆ ಮಾತ್ರ ಗೊತ್ತಿರತ್ತೆ. ಸ್ಯಾಟಲೈಟ್ ಫೋನ್ ಇಟ್ಕೊಳ್ಳಿ ಅಂತ ವಿದೇಶದ ವಿಡಿಯೋಗಳಲ್ಲಿ ಹೇಳ್ತಾರಲ್ಲ, ನಮ್ಮ ದೇಶದಲ್ಲಿ ಅನುಮತಿ ಇಲ್ದೆ ಅದನ್ನ ಇಟ್ಕೊಂಡ್ರೆ ಕೇಸ್ ಬೀಳತ್ತೆ.

ಆಮೇಲೆ ಹೊರೋದು. ಎರಡು ಗಟ್ಟಿ ಕೋಲು, ಜಿಪ್ ಹಾಕಿದ ನಾಲ್ಕು ಜಾಕೆಟ್ ಇದ್ರೆ ಸ್ಟ್ರೆಚರ್ ಆಗತ್ತೆ, ಅದು ಸುಲಭ. ಆದ್ರೆ ಇಳಿಜಾರಿನ ಕಾಲುದಾರೀಲಿ ಒಬ್ಬ ದೊಡ್ಡ ಮನುಷ್ಯನ್ನ ಹೊರೋಕೆ ಒಂದು ಹೊತ್ತಿಗೆ ಆರು ಜನ, ಅವರನ್ನ ಬದಲಾಯಿಸೋಕೆ ಇನ್ನಾರು ಜನ ಬೇಕು, ಹತ್ತಿಪ್ಪತ್ತು ನಿಮಿಷಕ್ಕೆ ಕೈ ಸೋತುಬಿಡತ್ತೆ, ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದ್ರೂ ಆಶ್ಚರ್ಯ ಇಲ್ಲ. ಈ ಲೆಕ್ಕ ಒಂದು ಸಲ ತಲೇಲಿ ಕೂತ್ರೆ ಆರು ಜನರ ಗುಂಪಿನ ಗೈಡ್ ಯಾಕೆ ಸಣ್ಣ ಉಳುಕಿಗೂ ಅಷ್ಟು ತಲೆ ಕೆಡಿಸ್ಕೋತಾನೆ ಅಂತ ಅರ್ಥ ಆಗತ್ತೆ. ಮಧ್ಯಾಹ್ನ ಕುಂಟ್ತಾ ನಡೆಯೋಕಾಗೋ ಮನುಷ್ಯ, ಸಂಜೆಗೆ ಕಾಲು ಊದಿ ಹೊರ್ಲೇಬೇಕಾದ ಮನುಷ್ಯ ಆಗ್ತಾನೆ.

ಇದುವರೆಗೆ ಹೇಳಿದ್ದು ನಮ್ಮ ಘಟ್ಟದ ಮಾತು. ಹಿಮಾಲಯಕ್ಕೆ ಹೋದ್ರೆ ಆಟದ ನಿಯಮಾನೇ ಬದಲು, ಅಲ್ಲಿ ಗಾಳಿಯೇ ತೆಳು. ಸುಮಾರು 5,500 ಮೀಟರಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿಯತ್ತೆ, ಅಂದ್ರೆ ಒಂದೊಂದು ಉಸಿರಿಗೂ ಸಿಗೋ ಆಕ್ಸಿಜನ್ ಅರ್ಧ. 2,500 ಮೀಟರ್ ದಾಟಿದ್ಮೇಲೆ ಯಾರಿಗೆ ಬೇಕಾದ್ರೂ ತಲೆನೋವು, ವಾಕರಿಕೆ, ಊಟ ಬೇಡ ಅನ್ಸೋದು, ನಿದ್ದೆ ಬರದೇ ಇರೋದು ಶುರುವಾಗಬಹುದು. ಜಿಮ್ಮಿಗೆ ಹೋಗೋನಿಗೆ ಬರಲ್ಲ, ಆಂಟಿಗೆ ಬರತ್ತೆ ಅಂತೇನಿಲ್ಲ, ಎಷ್ಟೋ ಸಲ ಉಲ್ಟಾನೇ ಆಗತ್ತೆ, ಯಾಕಂದ್ರೆ ಜಿಮ್ ಹುಡುಗ ಓಡಿ ಹತ್ತಿರ್ತಾನೆ. 3,000 ಮೀಟರ್ ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸ್ಬಾರ್ದು, ಮೂರ್ನಾಲ್ಕು ದಿನಕ್ಕೊಂದು ದಿನ ವಿಶ್ರಾಂತಿ, ಇದು ಸಾಮಾನ್ಯ ನಿಯಮ.

ಸಂಜೆ ಕ್ಯಾಂಪಲ್ಲಿ ಗೈಡ್ ಒಬ್ಬೊಬ್ಬರ ಬೆರಳಿಗೂ ಆಕ್ಸಿಮೀಟರ್ ಹಾಕಿ ನಂಬರ್ ಬರ್ಕೊಳ್ತಾನಲ್ಲ, ಎಲ್ಲರೂ ಅದನ್ನ ಪರೀಕ್ಷೆ ಮಾರ್ಕ್ಸ್ ತರ ಹೋಲಿಸ್ಕೋತಾರೆ. ಅವನಿಗೆ ಆ ನಂಬರಿಗಿಂತ ಮುಖ್ಯ ಬೇರೆ ಇದೆ. ಊಟ ಬಿಟ್ಟಿದ್ದು ಯಾರು, ಟೆಂಟಿಂದ ಹೊರಗೇ ಬರದೆ ಮಲಗಿರೋದು ಯಾರು. ಅನುಮಾನ ಬಂದ್ರೆ ಆಚೆ ಕರೆದು, ಟಾರ್ಚ್ ಬೆಳಕಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದು ಹೆಜ್ಜೆಯ ಬೆರಳು ತಾಗೋ ಹಾಗೆ ಅದರ ಮೇಲೆ ನಡೆಸ್ತಾನೆ. ಮೂರನೇ ಹೆಜ್ಜೆಗೇ ವಾಲಿ ಪಕ್ಕಕ್ಕೆ ಕಾಲಿಟ್ರೆ, "ಚಳಿಗೆ ಹಾಗಾಯ್ತು ಅಣ್ಣಾ, ಇನ್ನೊಂದ್ಸಲ ಮಾಡ್ತೀನಿ" ಅಂತಾರೆ, ಮಾಡಿಸ್ತಾನೆ, ಮತ್ತೆ ವಾಲಿದ್ರೆ ಅಲ್ಲಿಗೆ ಮಾತು ಮುಗೀತು. ಅದು ಮೆದುಳು ಊದ್ಕೊಳ್ತಿರೋದರ ಗುರುತು. ಸುಮ್ನೆ ಕೂತಿದ್ರೂ ಏದುಸಿರು, ಕೆಮ್ಮು, ಕಫದಲ್ಲಿ ಗುಲಾಬಿ ಬಣ್ಣದ ನೊರೆ ಕಂಡ್ರೆ ಶ್ವಾಸಕೋಶದಲ್ಲಿ ನೀರು ತುಂಬ್ತಿದೆ ಅಂತ. ಎರಡಕ್ಕೂ ಮೊದಲ ಮದ್ದು ಒಂದೇ, ಕೆಳಗೆ ಇಳಿಸೋದು, ಈಗ್ಲೇ, ರಾತ್ರಿ ಎರಡು ಗಂಟೆ ಆಗಿದ್ರೂ. ಆಕ್ಸಿಜನ್ ಸಿಲಿಂಡರ್, ಇಂಜೆಕ್ಷನ್ ಎಲ್ಲ ಇಳಿಯೋಕೆ ಹೊತ್ತು ಗಳಿಸಿ ಕೊಡತ್ತೆ ಅಷ್ಟೇ, ಸಿಲಿಂಡರ್ ಬರೋದು ಕೆಲವು ಗಂಟೆ ಮಾತ್ರ. ಎತ್ತರದ ತೊಂದರೆ ಬರದ ಹಾಗೆ ಅಂತ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ನುಂಗಿದ್ದೀನಿ ನನಗೇನೂ ಆಗಲ್ಲ ಅನ್ನೋದು ಭ್ರಮೆ, ಅದೂ ಡಾಕ್ಟರನ್ನ ಕೇಳಿ ತಗೋಬೇಕಾದ ಮಾತ್ರೆ, ಸಲ್ಫಾ ಅಲರ್ಜಿ ಇರೋರಂತೂ ಮೊದಲೇ ಹೇಳ್ಬೇಕು. ಬೆಂಗಳೂರಲ್ಲಿ ತುಂಬಿಸಿದ ಆ ಫಾರ್ಮ್ ಕೆಲಸಕ್ಕೆ ಬರೋದು ಇಲ್ಲೇ.

ಎತ್ತರದ ಜೊತೆಗೆ ಚಳಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರ ತಾಲ್ ಹಾದೀಲಿ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಹೋದ್ರು, 13 ಜನರನ್ನ ವಾಯುಪಡೆ ಮತ್ತು ಎಸ್‌ಡಿಆರ್‌ಎಫ್ (ಆ ರಾಜ್ಯದ ವಿಪತ್ತು ಪಡೆ) ಸೇರಿ ಕೆಳಗೆ ತಂದ್ರು, ನಮ್ಮ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತಿದ್ರು. ಹೋದವರಲ್ಲಿ ಹೊಸಬರಲ್ಲದೆ ವರ್ಷಗಟ್ಟಲೆ ಬೆಟ್ಟ ಹತ್ತಿದೋರೂ ಇದ್ರು. ಯಾರ ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡೋಕೆ ನನಗೆ ಇಷ್ಟ ಇಲ್ಲ, ಆದ್ರೆ ಹಿಮಗಾಳಿ ಮನುಷ್ಯನಿಗೆ ಏನ್ ಮಾಡತ್ತೆ ಅನ್ನೋದನ್ನ ಅರ್ಥ ಮಾಡ್ಕೊಳ್ಳೋಣ. ಮೈ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದ್ರೆ ಹೈಪೋಥರ್ಮಿಯಾ. ಸೊನ್ನೆಗಿಂತ ಕೆಳಗೇ ಇರ್ಬೇಕು ಅಂತಿಲ್ಲ, ಒದ್ದೆ ಬಟ್ಟೆ, ಗಾಳಿ, ಹಸಿವು ಮೂರು ಸೇರಿದ್ರೆ ಆಯ್ತು, ಜುಲೈ ಮಳೇಲಿ ನಮ್ಮ ಘಟ್ಟದ ತುದೀಲೂ ಅದರ ಶುರು ನೋಡಬಹುದು. ಮೊದಲು ಗಡಗಡ ನಡುಕ, ಆಮೇಲೆ ಬೆರಳು ಜಿಪ್ ಹಾಕೋಕೂ ಬಗ್ಗಲ್ಲ, ಎಡವ್ತಾರೆ, ಮಾತು ತೊದಲತ್ತೆ, ನನ್ನ ಪಾಡಿಗೆ ಬಿಡಿ ಅಂತ ಸಿಡುಕ್ತಾರೆ. ಅದಾದ್ಮೇಲೆ ನಡುಕ ನಿಂತುಬಿಡತ್ತೆ. ಜೊತೇಲಿರೋರು ಸದ್ಯ ಸುಧಾರಿಸಿದ್ರು ಅಂದ್ಕೋತಾರೆ, ನಿಜವಾಗಿ ದೇಹ ಸೋತು ಕೈ ಚೆಲ್ಲಿದೆ. ಇನ್ನೂ ಮುಂದೆ ಹೋದ್ರೆ ಸೆಕೆ ಆಗ್ತಿದೆ ಅಂತ ಬಟ್ಟೆ ಬಿಚ್ಚೋರೂ ಇದಾರೆ.

ಗೈಡ್ ಆಗ ಮಾಡ್ಬೇಕಾದ್ದು ಗಾಳಿಗೆ ಮರೆ ಹುಡುಕೋದು, ಒದ್ದೆ ಬಟ್ಟೆ ಬಿಚ್ಚಿಸಿ ಒಣಗಿದ್ದು ಹಾಕಿಸೋದು, ತಲೆ ಮುಚ್ಚೋದು, ನೆಲಕ್ಕೂ ಮೈಗೂ ಮಧ್ಯೆ ಮ್ಯಾಟೋ ಬ್ಯಾಗೋ ಏನಾದ್ರೂ ಹಾಕೋದು, ಪ್ರಜ್ಞೆ ಇದ್ದು ನುಂಗೋಕಾದ್ರೆ ಬಿಸಿ ಸಿಹಿ ಟೀ. ಕೈಕಾಲು ತಿಕ್ಕಬಾರ್ದು, ರಮ್ಮು ಬ್ರಾಂದಿ ಕೊಡಲೇಬಾರ್ದು, ಅದು ಬಿಸಿ ಅನ್ನಿಸಿ ಒಳಗಿನ ಶಾಖಾನ ಹೊರಗೆ ಬಿಡತ್ತೆ. ತೀರಾ ಹದಗೆಟ್ಟೋರನ್ನ ಮೊಟ್ಟೆ ಹಿಡಿದ ಹಾಗೆ ಎತ್ಬೇಕು, ಒರಟಾಗಿ ಅಲುಗಾಡಿಸಿದ್ರೆ ಹೃದಯದ ಬಡಿತಾನೇ ತಪ್ಪಬಹುದು. ಇದೆಲ್ಲ ಒಬ್ಬಿಬ್ಬರಿಗಾದ್ರೆ ಮಾಡಬಹುದು. ಇಡೀ ತಂಡಕ್ಕೆ ಒಟ್ಟಿಗೆ ಹಿಡಿದ್ರೆ ಗೈಡಿನ ಬೆರಳೂ ಬಗ್ಗಲ್ಲ, ಅವನ ಬುದ್ಧಿಯೂ ಮಂಕಾಗಿರತ್ತೆ, ಇದನ್ನ ಮರೀಬಾರ್ದು. ಹಾಗಾಗಿ ಅಲ್ಲಿ ಇರೋದು ಒಂದೇ ಉಪಾಯ, ಮಧ್ಯಾಹ್ನದೊಳಗೆ ಎತ್ತರದ ಜಾಗ ಬಿಟ್ಟಿರ್ಬೇಕು, ಮೋಡದ ಬಣ್ಣ ಸರಿ ಇಲ್ಲ ಅಂದ ದಿನ ಹೊರಡಲೇಬಾರ್ದು.

ಈ ಕೆಲಸಕ್ಕೆ ತರಬೇತಿ ಇಲ್ವಾ ಅಂದ್ರೆ ಇದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಿಂದ ಕಲಿಸ್ತಿದೆ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರದ್ದು, ಕಾಡುಮೇಡಿನ ಪ್ರಥಮ ಚಿಕಿತ್ಸೆಗೇ ಅಂತ ಎಂಟ್ಹತ್ತು ದಿನದ ಕೋರ್ಸುಗಳಿವೆ. ಆದ್ರೆ ವಾರಕ್ಕೊಂದು ಟ್ರಿಪ್ಪಿಗೆ ದಿನಗೂಲಿ ಲೆಕ್ಕದಲ್ಲಿ ಬರೋ ಹುಡುಗನಿಗೆ ಅದರ ಫೀಸ್ ಕಟ್ಟೋರು ಯಾರು? 999 ರೂಪಾಯಿಗೆ ಬಸ್ಸು, ಊಟ, ಗೈಡು, ಫೋಟೋ ಎಲ್ಲ ಸಿಗತ್ತೆ ಅಂದ್ರೆ ಅದ್ರಲ್ಲಿ ಏನೋ ಒಂದನ್ನ ಕತ್ತರಿಸಿರ್ತಾರೆ, ಅದು ಊಟ ಅಂತೂ ಆಗಿರಲ್ಲ, ಊಟಕ್ಕೆ ರಿವ್ಯೂ ಬರತ್ತಲ್ಲ.

ಬುಕ್ ಮಾಡೋ ಮುಂಚೆ ಒಂದು ಫೋನ್ ಮಾಡಿ ಕೇಳಿ. ಒಬ್ಬ ಗೈಡಿಗೆ ಎಷ್ಟು ಜನ, ಸ್ವೀಪ್ ಇರ್ತಾರಾ, ಪ್ರಥಮ ಚಿಕಿತ್ಸೆ ಕಿಟ್ ಗಾಡೀಲಿ ಇರತ್ತಾ ಬೆಟ್ಟಕ್ಕೆ ಬರತ್ತಾ, ಯಾರಿಗಾದ್ರೂ ಏನಾದ್ರೂ ಆದ್ರೆ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ, ತುದಿ ತಲುಪದೆ ವಾಪಸ್ ಬಂದ್ರೆ ಗೈಡಿನ ಸಂಬಳ ಹಿಡೀತೀರಾ. ಸಾಧ್ಯ ಆದ್ರೆ ಗೈಡ್ ಜೊತೆಗೇ ಮಾತಾಡಿ, ಕೊನೇ ಸಲ ಗುಂಪನ್ನ ಅರ್ಧ ದಾರಿಯಿಂದ ವಾಪಸ್ ಕರ್ಕೊಂಡು ಬಂದಿದ್ದು ಯಾವಾಗ, ಯಾಕೆ ಅಂತ ಕೇಳಿ. ಕೆಲಸ ಗೊತ್ತಿರೋರು ಆ ದಿನದ ಮಳೆ, ಜಗಳ, ಬೈಗುಳ ಎಲ್ಲ ಸೇರಿಸಿ ಹತ್ತು ನಿಮಿಷ ಹೇಳ್ತಾರೆ, ಫೋನ್ ಇಡೋಕೇ ಬಿಡಲ್ಲ.